ಏಳನೆಯ ಅಕ್ಷರ

ಮುಸಫ್ಫಾದ ಕ್ಲಿನಿಕ್ಕಿನ ಹಿಂಬದಿ ಕೋಣೆಗೆ ಕಿಟಕಿಯಿಲ್ಲ.
ಎರಡು ಪರದೆ, ಒಂದು ಎ.ಸಿ., ನಾನು.
ರೋಗಿಗಳು ನನಗೆ ಕಾಣುವುದಿಲ್ಲ,
ಅವರ ನೋವು ಮಾತ್ರ ಟೈಪಾಗಿ ಬರುತ್ತದೆ.
ನಾನದಕ್ಕೆ ಅಂಕಿ ಕೊಡುತ್ತೇನೆ, ವಿಮೆಯವರು ದಿರ್ಹಮು.

ಇವತ್ತಿನ ಹದಿನೇಳನೆಯ ಫೈಲು:
ಹುಲಿಗೆಪ್ಪ, ಮೂವತ್ತನಾಲ್ಕು, ಸ್ಕಾಫೋಲ್ಡಿಂಗ್ ಕೆಲಸ.
ಎಡಗಿವಿಯ ಹಾಲೆ. ಇಲಿ ಕಡಿತ. ನಿದ್ದೆಯಲ್ಲಿದ್ದಾಗ.
ಹೆಸರಲ್ಲಿ ಹುಲಿ, ಕಚ್ಚಿದ್ದು ಇಲಿ.
ಒಬ್ಬಳೇ ಇದ್ದೆ, ನಕ್ಕುಬಿಟ್ಟೆ.

ಎಲ್ಲಕ್ಕೂ ಜಾಗವಿದೆ ಈ ಪಟ್ಟಿಯಲ್ಲಿ.
ಸುಂಡಿಲಿಗೆ ಬೇರೆ, ಇಲಿಗೆ ಬೇರೆ, ಅಳಿಲಿಗೂ ಒಂದು
(ಈ ಮರಳಲ್ಲಿ ಅಳಿಲು ಯಾರನ್ನು ಕಚ್ಚೀತು?)
ಡಬ್ಲ್ಯೂ ಐವತ್ತಮೂರು, ಚುಕ್ಕೆ,
ಕಚ್ಚಿದರೆ ಹನ್ನೊಂದು, ಬರೀ ತಾಕಿದರೆ ಹತ್ತೊಂಬತ್ತು.
ಆಮೇಲೆ ಒಂದು ಎಕ್ಸ್.
ಅದಕ್ಕೆ ಅರ್ಥವಿಲ್ಲ. ಜಾಗ ಹಿಡಿಯಲಿಕ್ಕೆ ಮಾತ್ರ,
ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆದ ಟವೆಲ್ಲಿನ ಹಾಗೆ.
ಅದು ತಪ್ಪಿತೋ, ಕ್ಲೇಮು ವಾಪಸ್ಸು.
ಕೊನೆಗೆ ಏಳನೆಯದು, ಅಕ್ಷರ:
ಎ ಅಂದರೆ ಹಸಿ ಗಾಯ,
ಡಿ ಅಂದರೆ ಮಾಯುತ್ತಿರುವುದು,
ಎಸ್ ಅಂದರೆ ಮಾಯ್ದ ಮೇಲೂ ಉಳಿದದ್ದು.

ನರ್ಸ್ ಮಾರಿಸೆಲ್ ಬಾಗಿಲು ತಟ್ಟಿದಳು:
ನಿಮ್ಮ ಭಾಷೆಯವನಂತೆ, ಸ್ವಲ್ಪ ಬರುತ್ತೀರಾ?
ಹೋಗಬಾರದು ನಾನು. ಹೋದೆ.

ಮಂಚದ ಅಂಚಿಗೆ ಕೂತಿದ್ದ, ಕಿವಿಗೆ ಹತ್ತಿ,
ಬೂಟಿನ ತುಂಬ ಒಣಗಿದ ಸಿಮೆಂಟು,
ಸೂಜಿಯ ಕಡೆ ನೋಡದೆ ಗೋಡೆ ನೋಡುತ್ತ.
"ಇಲಿ ಅಲ್ರೀ ಅಕ್ಕಾರ, ಹೆಗ್ಗಣ.
ದಿಂಬಿನ ಬುಡಕ ಖುಬೂಸ್ ಇಟ್ಟಿದ್ದೆ,
ನೈಟ್ ಮುಗಿಸಿ ಬರಾಂವಗ.
ಅವಂದೂ ನಂದೂ ಒಂದ ಕಾಟ್ ರೀ,
ನಾ ಎದ್ದ ಮ್ಯಾಲ ಅಂವ ಮಲಗಾಂವ.
ಖುಬೂಸ್ ಮುಟ್ಟಿಲ್ಲ ನೋಡ್ರಿ ಅದು,
ಸೀದಾ ಕಿವಿಗೇ ಬಂತು."
ಆಮೇಲೆ, ದನಿ ತಗ್ಗಿಸಿ:
"ಕ್ಯಾಂಪಿನ ಹೆಸರು ಮಾತ್ರ ಬರೀಬ್ಯಾಡ್ರಿ."

ನನ್ನ ಕುರ್ಚಿಗೆ ಮರಳಿದೆ.
ಡಾಕ್ಟರು ಬರೆಯದ್ದು ನಡೆದೇ ಇಲ್ಲ,
ಇದು ಈ ಕಸುಬಿನ ಮೊದಲ ಪಾಠ.
ಹಾಗಾಗಿ ಹೆಗ್ಗಣ ಬರಲಿಲ್ಲ. ಖುಬೂಸ್ ಇರಲಿಲ್ಲ.
ನಿದ್ದೆಗೊಂದು ಕೋಡಿದೆ, ಪಾಳಿಯ ನಿದ್ದೆಗಿಲ್ಲ.
ಎಲ್ಲಿ ನಡೆಯಿತು ಎಂಬ ಕಾಲಮ್ಮಿನಲ್ಲಿ
ಮನೆಯಿದೆ, ಸೆರೆಮನೆಯಿದೆ, ಸೈನ್ಯದ ನೆಲೆಯಿದೆ,
ಶಾಲೆಯ ಹಾಸ್ಟೆಲೂ ಇದೆ.
ಹನ್ನೆರಡು ಜನ ಆರು ಮಂಚವನ್ನು
ಹಗಲಿಗೂ ಇರುಳಿಗೂ ಹಂಚಿಕೊಂಡ ಕೋಣೆ ಇಲ್ಲ.
ಇತರೆ ಎಂದು ಒತ್ತಿದೆ.
ಇತರೆ ಎಂಬುದು ಎಷ್ಟು ದೊಡ್ಡ ಊರು.

ಹತ್ತನೆಯ ದಿನ ಕ್ಲೇಮು ತಿರುಗಿ ಬಂತು:
ಕೆಲಸಕ್ಕೆ ಸಂಬಂಧಿಸಿದ ಗಾಯವೇ? ಸ್ಪಷ್ಟಪಡಿಸಿ.
ಬೆಟ್ಟ ಅಗೆದು ಇಲಿ ಹಿಡಿದವರ ಗಾದೆ ಗೊತ್ತಿತ್ತು,
ಇವರು ಇಲಿ ಹಿಡಿದುಕೊಂಡು ಬೆಟ್ಟ ಅಗೆಯುತ್ತಾರೆ.
ನಿದ್ದೆ ಕೆಲಸವಲ್ಲ ಎಂದು ಬರೆದೆ.
ಬರೆದ ಮೇಲೆ ಬಹಳ ಹೊತ್ತು
ಅದನ್ನು ನಾನೇ ನಂಬಲಿಲ್ಲ.

ಜ್ವರ ಬಂದೀತೆಂದು ಎ ಇಪ್ಪತ್ತೈದನ್ನು
ಮನಸ್ಸಿನಲ್ಲೇ ತೆಗೆದಿಟ್ಟಿದ್ದೆ. ಬರಲಿಲ್ಲ.
ಡಿ ಕೂಡ ಬರಲಿಲ್ಲ;
ಹೊಲಿಗೆ ಯಾರು ಬಿಚ್ಚಿದರೋ.

ಫೆಬ್ರವರಿಯ ಒಂದು ಶುಕ್ರವಾರ, ಬಸ್ ಸ್ಟಾಪಿನಲ್ಲಿ,
ಎಡಗಿವಿಯಲ್ಲಿ ಸಣ್ಣ ಕಚ್ಚು.
ಅವನೇ ಗುರುತು ಹಿಡಿದ. ಕಿವಿ ಮುಟ್ಟಿಕೊಂಡು ನಕ್ಕ:
"ನಮ್ಮ ಕುಷ್ಟಗಿ ಕಡೆ ಕುರಿ ಕಿವಿ ಹಿಂಗ ಕೊಯ್ತಾರ್ರಿ,
ಕಳಕೊಂಡ್ರ ಯಾರದಂತ ಗುರ್ತ ಹತ್ತಲಿ ಅಂತ."
ಯಾರದು ಎಂದು ನಾನು ಕೇಳಲಿಲ್ಲ.
ಎಸ್ ಅಂದುಕೊಂಡೆ, ಬೆರಳು ತಾನಾಗಿಯೇ
ಚೀಲದ ಮೇಲೆ ಒಂದು ಕೀಲಿ ಒತ್ತಿತು.

ಬಸ್ಸು ಬಂತು. ತುಂಬಿತ್ತು.
ಇಲ್ಲಿನ ಕಿಟಕಿಗಳು ತೆರೆಯುವುದಿಲ್ಲ,
ಯಾರೂ ಟವೆಲ್ಲು ಎಸೆಯುವಂತಿಲ್ಲ.
ನಿಂತೇ ಹೋದ.